ಮೇಲಿನ ಮನೆಗೆ ಎರಡು ಲೋಟ

ಫೆಬ್ರವರಿ 3, ಸೋಮವಾರ

ಪೂಜೆ ಮುಗಿಸಿ ಉಪ್ಪಿಟ್ಟಿನ ತಟ್ಟೆ ಹಿಡಿಯುವಷ್ಟರಲ್ಲಿ ಮತ್ತೆ ಮನೆ ನೋಡುವವರು. ಇಂದುಧರ ಗೇಟಿಗೆ ‘ಒನ್ ಬಿಎಚ್‌ಕೆ ಬಾಡಿಗೆಗಿದೆ’ ಬೋರ್ಡು ತೂಗುಹಾಕಿದಾಗಿನಿಂದ ಬಿಸಿ ಉಪ್ಪಿಟ್ಟು ತಿಂದದ್ದೇ ಇಲ್ಲ. ಮಗನಿಗೇನು, ಬೋರ್ಡು ಹಾಕಿ ಎಪಿಎಂಸಿ ಯಾರ್ಡಿಗೆ ಹೋಗಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಕೂರುತ್ತಾನೆ. ಬಂದವರ ಜೊತೆ ಮಾತಾಡುವುದು ನಾನು. ಮೆಟ್ಟಿಲು ಹತ್ತಿ ಬೀಗ ತೆಗೆಯುವುದು ಸೊಸೆ ಹೇಮಾ. ನನ್ನ ಮಂಡಿಗೆ ಆ ಮೆಟ್ಟಿಲು ಆಗುವುದಿಲ್ಲ.

ಒನ್ ಬಿಎಚ್‌ಕೆ ಅಂತೆ! ಮೊನ್ನೆ ಮೊನ್ನೆಯವರೆಗೆ ಅದು ಕೊಬ್ಬರಿ ಅಟ್ಟ. ನಮ್ಮ ಯಜಮಾನರು ಇದ್ದಾಗ ಬಿದಿರು ತಡಿಕೆಯ ಮೇಲೆ ವರ್ಷವಿಡೀ ಕಾಯಿ ಒಣಗುತ್ತಿತ್ತು. ಅದರ ಕೆಳಗೆ ಮಲಗಿ, ಇಲಿ ಓಡಿದಾಗ ಕಾಯಿ ಉರುಳುವ ಸದ್ದು ಕೇಳುತ್ತಲೇ ಸಂಸಾರ ಮಾಡಿದೆ. ಈಗ ಸ್ಟೇಷನ್ ಕಡೆಯ ಈ ಬೀದಿಯಲ್ಲಿ ಅಟ್ಟ ಇಟ್ಟುಕೊಂಡವರೇ ಇಲ್ಲ. ಎದುರಿಗೆ ಷಡಕ್ಷರಪ್ಪನವರು ಹಳೇ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದ್ದಾರೆ. ಪಕ್ಕದ್ದು ಪಿಜಿ. ನಮ್ಮಲ್ಲೂ ಟೈಲ್ಸು, ಕಿಟಕಿ, ಗೀಸರ್ ಬಂದವು.

ಇದುವರೆಗೆ ಬಂದವರನ್ನೆಲ್ಲ ಹೇಮಾ ಮತ್ತು ನಾನು ಕಣ್ಣಲ್ಲೇ ಮಾರ್ಕು ಹಾಕಿ ಫೇಲು ಮಾಡಿದ್ದೆವು. ಇವತ್ತು ಬಂದವಳು ಸುಷ್ಮಿತಾ. ಹಳೇಬೀಡಿನ ಹತ್ತಿರದವಳು. ರೈಲಿನಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್. ಜೊತೆಗೆ ಅವಳಪ್ಪ ರಂಗಪ್ಪ, ಕೈ ಮುಗಿದುಕೊಂಡೇ ನಿಂತಿದ್ದ. “ನಮ್ಮುಡುಗಿ ರೈಲು ಓಡಿಸ್ತಾಳೆ ಕಣ್ರಮ್ಮಾ. ಯಾವಾಗ ಬತ್ತಾಳೋ, ಯಾವಾಗ ಹೋಗ್ತಾಳೋ. ಒಸಿ ನೋಡ್ಕಳಿ” ಅಂದ.

ಒಂಟಿ ಹುಡುಗಿ. ಗಲಾಟೆ ಇಲ್ಲ. ಕೊಟ್ಟುಬಿಡೋಣ ಅಂದವಳು ನಾನೇ.

ಫೆಬ್ರವರಿ 9, ಭಾನುವಾರ

ಮೇಲಿನ ಮನೆಯಲ್ಲಿ ಹಾಲು ಉಕ್ಕಿಸಿದರು. ಮುತ್ತೈದೆ ಕೈಯಲ್ಲಿ ಒಲೆ ಹಚ್ಚಿಸಬೇಕು ಅಂತ ರಂಗಪ್ಪ ಹೇಮಾಳನ್ನು ಕರೆದ. ಸರಿಯೇ. ನನ್ನನ್ನು ಯಾರು ಕರೆಯುತ್ತಾರೆ ಅದಕ್ಕೆ.

ಆಮೇಲೆ ಹುಡುಗಿ ಕೆಳಗೆ ಬಂದು ಕಾಲಿಗೆ ಬಿದ್ದಳು. ಹೇಮಾಳಿಗೆ ‘ಅಕ್ಕ’. ನನಗೆ ‘ಅಜ್ಜಿ’. ಮೊಮ್ಮಗ ತುಮಕೂರಿನ ಹಾಸ್ಟೆಲಿನಲ್ಲಿದ್ದಾನೆ, ಅಜ್ಜಿಯೇ ಹೌದು. ಆದರೂ ಆಂಟಿ ಅಂದಿದ್ದರೆ ಗಂಟೇನು ಹೋಗುತ್ತಿತ್ತು?

ಹೋಳಿಗೆ ಇತ್ತು, ತಿನ್ನಮ್ಮ ಅಂದೆ. ಕೈ ಚಾಚಿ ತಗೊಂಡುಬಿಟ್ಟಳು! ಬೇಡ ಅನ್ನಲೇ ಇಲ್ಲ. ನಾವು ಬೆಳೆದದ್ದೇ ಬೇರೆ ಥರ. ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ ಅಯ್ಯೋ ಯಾಕೆ ಅನ್ನಬೇಕು. ಬಡಿಸುವವರು ಬಲವಂತ ಮಾಡಿ ಹಾಕಿದ ಮೇಲೆ ತಿನ್ನಬೇಕು. ಕೇಳಿದ ಕೂಡಲೇ ಹೂಂ ಅಂದರೆ ನಮ್ಮಮ್ಮ ಮನೆಗೆ ಬಂದು ಚಿವುಟುತ್ತಿದ್ದಳು. ಈಗಿನವರಿಗೆ ಅದೆಲ್ಲ ಎಲ್ಲಿ.

ಹೇಮಾಳಿಗೆ ಹೇಳಿದೆ. ನಕ್ಕಳು. “ಹಸಿವಾಗಿತ್ತೇನೋ ಬಿಡಿ ಅತ್ತೆ.”

ಫೆಬ್ರವರಿ 18, ಮಂಗಳವಾರ

ಸಂಜೆ ಕಾಫಿಯ ಹೊತ್ತು ನಮ್ಮಿಬ್ಬರದು. ಮೊಮ್ಮಗ ಹಾಸ್ಟೆಲಿಗೆ ಹೋದಮೇಲಂತೂ ದಿನದಲ್ಲಿ ರುಚಿ ಇರುವುದು ಅದೊಂದೇ. ಜಗಲಿಯ ಮೇಲೆ ಅವಳು, ಕುರ್ಚಿಯಲ್ಲಿ ನಾನು. ಬೀದಿಯಲ್ಲಿ ಹೋಗುವವರ ಸೀರೆ, ಸೊಕ್ಕು, ಹೊಸ ಸ್ಕೂಟರು, ಯಾವುದನ್ನೂ ಬಿಡುವುದಿಲ್ಲ. ಹೇಮಾ ಬಾಯಿ ಬಿಡದೆ ಮೂಗಲ್ಲೇ ನಗುತ್ತಾಳೆ. ನನಗೆ ಮಗಳಿಲ್ಲ ಅಂತ ಯಾರಾದರೂ ಅಂದರೆ ನಾನು ಸುಮ್ಮನೆ ಇವಳ ಕಡೆ ನೋಡುತ್ತಿದ್ದೆ.

ಇವತ್ತು ನನ್ನ ಕಾಫಿ ಕೈಗೆ ಕೊಟ್ಟಳು. ಇನ್ನೆರಡು ಲೋಟ ಒಂದೇ ಕೈಯಲ್ಲಿ ಹಿಡಿದು ಮೇಲೆ ಹೋದಳು. ಸುಷ್ಮಿತಾ ಈಗಷ್ಟೇ ಡ್ಯೂಟಿಯಿಂದ ಬಂದಿದ್ದಾಳೆ ಪಾಪ, ಅಂತ. ಮೆಟ್ಟಿಲು ಮೆಟ್ಟಿಲಿಗೂ ಲೋಟಕ್ಕೆ ಲೋಟ ತಾಗುವ ಸದ್ದು. ಒಂದೇ ಲೋಟವಾದರೆ ಆ ಸದ್ದು ಬರುವುದಿಲ್ಲ.

ಒಬ್ಬಳೇ ಕೂತು ಕುಡಿದೆ. ಬೀದಿಯಲ್ಲಿ ಷಡಕ್ಷರಪ್ಪನವರ ಸೊಸೆ ಬಿಳೀ ಕೂದಲಿಗೆ ಕೆಂಪು ಬಣ್ಣ ಹಚ್ಚಿಕೊಂಡು ಹೋದಳು. ಹೇಳುವುದಕ್ಕೆ ಯಾರೂ ಇರಲಿಲ್ಲ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಇವತ್ತು ಪಾರಣೆ ಮುಗಿಸಿ ಮಲಗಿ ಎದ್ದೆ. ಸಂಜೆ ಹೇಮಾ ಲೋಟ ಹಿಡಿದು ಬಾಗಿಲಲ್ಲಿ ನಿಂತಳು. “ನೀವೂ ಬನ್ನಿ ಅತ್ತೆ ಮೇಲೆ. ಮೂರೂ ಜನ ಕೂತ್ಕೊಳಣ.”

ಬೇಡ ಕಣೇ, ಮಂಡಿ ನೋವು, ಅಂದೆ.

“ಸರಿ ಅತ್ತೆ” ಅಂದು ಹೋದಳು.

ಸರಿ ಅತ್ತೆ! ಅಷ್ಟೇ. ಮೆಟ್ಟಿಲ ಹತ್ತಿರ ನಿಂತು ತಿರುಗಿ ಕರೆಯುತ್ತಾಳೆ ಅಂತ ಚಪ್ಪಲಿಗೆ ಕಾಲು ಹಾಕಿ ಕಾದೆ. ಕೈ ಕೊಡಿ, ನಿಧಾನಕ್ಕೆ ಹತ್ತೋಣ, ಅಂದಿದ್ದರೆ ಹತ್ತುತ್ತಿದ್ದೆ. ಲೋಟದ ಸದ್ದು ಮೇಲೆ ಮೇಲೆ ಹೋಯಿತು. ಬಾಗಿಲು ಹಾಕಿಕೊಂಡಿತು.

ಎರಡನೇ ಸಲ ಕರೆಯಲಿಲ್ಲ.

ಮಾರ್ಚ್ 11, ಮಂಗಳವಾರ

ಇಲ್ಲಿ ಬರೆಯುವುದಕ್ಕೇನು, ಯಾರು ಓದುತ್ತಾರೆ. ಹೊಟ್ಟೆಕಿಚ್ಚು. ಹೌದು. ಈ ವಯಸ್ಸಿನಲ್ಲಿ, ಮಗಳ ವಯಸ್ಸಿನವಳ ಮೇಲೆ.

ಸುಷ್ಮಿತಾ ಡ್ಯೂಟಿಗೆ ಹೋದ ಸಂಜೆ ಹೇಮಾ ನನ್ನವಳು. ಇದ್ದ ಸಂಜೆ ಅವಳವಳು. ಹಾಗಾಗಿ ದಿನಾ ಬೆಳಗ್ಗೆ ಎದ್ದು ಅವಳ ಶೂ ಸದ್ದಿಗೆ ಕಿವಿ ಕೊಡುವುದಾಗಿದೆ. ಹುಬ್ಬಳ್ಳಿ ಕಡೆ ಡ್ಯೂಟಿ ಅಂದರೆ ನನಗೆ ಹಬ್ಬ. ಮೊನ್ನೆ ಯಾವುದೋ ಗೂಡ್ಸ್ ಗಾಡಿ ಕೆಟ್ಟು ನಿಂತು ಅವಳು ಬರುವುದು ಮರುದಿನವಾಯಿತು. ಪೂಜೆಯಲ್ಲಿ ಒಂದು ಬತ್ತಿ ಹೆಚ್ಚು ಹಚ್ಚಿದೆ. ಶಿವನಿಗೆ ಗೊತ್ತು ಯಾಕೆ ಅಂತ.

ಜೊತೆಗಿದ್ದಾಗಲೂ ಹೇಮಾಳ ಬಾಯಲ್ಲಿ ಅವಳದೇ ಮಾತು. “ಇದು ಗೂಡ್ಸು ಅತ್ತೆ, ಹೊರಗಡೆ ಸಿಗ್ನಲ್ ಸಿಕ್ಕಿಲ್ಲ, ಅದಕ್ಕೇ ಕೂಗ್ತಿದೆ.” ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ನಾನು ಕೇಳುತ್ತಿರುವ ಕೂಗು ಅದು. ಬಾಡಿಗೆಯವಳು ಸೊಸೆಗೆ ಹೇಳಿಕೊಟ್ಟು, ಸೊಸೆ ನನಗೆ ಹೇಳಿಕೊಡುತ್ತಾಳೆ.

ಸಂಜೆ ನನ್ನ ಕೋಣೆಯಲ್ಲಿ ಕೂತರೆ ಮೇಲಿನ ನಗು ನೇರ ತಲೆಯ ಮೇಲೆ ಬೀಳುತ್ತದೆ. ಅದು ಮೂಗಿನ ನಗು ಅಲ್ಲ. ಬಾಯಿ ತುಂಬ ನಗು. ಹೇಮಾ ಹಾಗೂ ನಗುತ್ತಾಳೆ ಅಂತ ಗೊತ್ತೇ ಇರಲಿಲ್ಲ. ನನ್ನ ವಿಷಯವೇ ಇರಬೇಕು… ಟಿವಿ ಸೌಂಡು ಕಮ್ಮಿ ಮಾಡಿ ಕೇಳಿದೆ. ಮಾತು ತಿಳಿಯುವುದಿಲ್ಲ. ನಗು ಮಾತ್ರ ಇಳಿದು ಬರುತ್ತದೆ.

ಮಾರ್ಚ್ 23, ಭಾನುವಾರ

ಸ್ಕೂಟರಿನಲ್ಲಿ ಇಬ್ಬರೂ ಹಳೇಬೀಡಿಗೆ ಹೋಗಿ ಬಂದರು. ಸುಷ್ಮಿತಾಳ ಊರು ನೋಡಿಕೊಂಡು. ಇಂದುಧರ ‘ಹೋಗಿ ಬರಲಿ ಬಿಡಮ್ಮ’ ಅಂದ. ಹೋಗಿ ಬರಲಿ, ನಾನೇನು ಬೇಡ ಅಂದೆನೇ? ಸ್ಕೂಟರಿನಲ್ಲಿ ಇರುವುದೇ ಎರಡು ಸೀಟು.

ರಂಗಪ್ಪ ಹುಣಸೆಹಣ್ಣು ಕಳಿಸಿದ್ದಾನೆ. ಒಳ್ಳೆಯ ಹಣ್ಣು, ಬೀಜ ಕಮ್ಮಿ. ಅದರಲ್ಲಿ ಮಾಡಿದ ಸಾರು ನನಗೆ ಸೇರಲಿಲ್ಲ.

ಬಿಸಿಲಿಗೆ ಹೇಮಾಳ ಮುಖ ಕಪ್ಪಾಗಿತ್ತು. ಎಷ್ಟು ಖುಷಿಯಾಗಿದ್ದಳು ಅಂದರೆ… ಇರಲಿ.

ಏಪ್ರಿಲ್ 21, ಸೋಮವಾರ

ಹೇಮಾ ಕಣಕಟ್ಟೆಗೆ ಹೋಗಿದ್ದಾಳೆ, ತವರಿಗೆ. ನಾಳೆ ಬರುತ್ತಾಳೆ. ಇಂದುಧರ ತಿಪಟೂರಿಗೆ.

ಸುಷ್ಮಿತಾ ಬಟ್ಟೆ ಒಣಹಾಕಲು ಹೊರಗೆ ಬಂದಾಗ ಮೆಟ್ಟಿಲ ಕೆಳಗೆ ನಿಂತು ಕರೆದೆ. ಏನು ಹೇಳಬೇಕು ಅಂತ ಯೋಚಿಸಿಟ್ಟುಕೊಂಡಿದ್ದೆ. ಬಾಡಿಗೆಗೆ ಕೊಡುವವರು ಹೇಳುವ ಮಾತುಗಳೆಲ್ಲ ನೆನಪಿದ್ದವು. ಮಗಳು ಬರುತ್ತಾಳೆ ಅನ್ನೋಣ ಅಂದರೆ ಮಗಳಿಲ್ಲ. ರಿಪೇರಿ ಅನ್ನೋಣ ಅಂದರೆ ಹೊಸ ಟೈಲ್ಸು. ಕಡೆಗೆ ಹೇಳಿದೆ. ಈ ವರ್ಷ ಕೊಬ್ಬರಿಗೆ ರೇಟು ಬಂದಿದೆಯಮ್ಮ, ಮೇಲಿನ ಮನೆಗೆ ಮತ್ತೆ ಕಾಯಿ ತುಂಬಿಸಬೇಕು ಅಂತ ನಮ್ಮ ಹುಡುಗನ ಹಟ, ಬೇರೆ ಮನೆ ನೋಡಿಕೋ.

ಅವಳ ಮುಖ ಒಂದು ಕ್ಷಣ ಚಿಕ್ಕದಾಯಿತು. “ಸರಿ ಅಜ್ಜಿ” ಅಂದಳು.

ಯಾಕೆ, ಏನು, ಇನ್ನೂ ಸ್ವಲ್ಪ ದಿನ ಇರಲಾ? ಒಂದೂ ಇಲ್ಲ. ಗೋಗರೆಯುತ್ತಾಳೆ, ಆಗ ನೋಡೋಣ ಅಂತಿದ್ದೆ. ಈಗಿನವರ ಜೊತೆ ಇದೇ ಕಷ್ಟ. ಒಂದು ಸಲ ಹೇಳಿದರೆ ನಂಬಿಬಿಡುತ್ತಾರೆ.

ರಾತ್ರಿ ಊರಿಂದ ಬಂದ ಇಂದುಧರನಿಗೆ ಬೇರೆ ಹೇಳಿದೆ. ಡ್ಯೂಟಿಗೆ ಅನುಕೂಲ ಅಂತ ಅವಳೇ ಬಿಡುತ್ತಿದ್ದಾಳೆ, ಅಂತ. ಒಂದು ಸುಳ್ಳಿಗೆ ಇನ್ನೊಂದು ಜೊತೆ ಬೇಕಲ್ಲ.

ಮೇ 4, ಭಾನುವಾರ

ಹೋದಳು. ಗೂಡ್ಸ್ ಆಟೋದಲ್ಲಿ ಮಂಚ, ಬೀರು, ಗ್ಯಾಸ್ ಸ್ಟವ್, ಒಂದು ತುಳಸಿ ಕುಂಡ. ಬಸ್ ಸ್ಟ್ಯಾಂಡ್ ಹಿಂದೆ ಹೊಸ ಅಪಾರ್ಟ್‌ಮೆಂಟು, ಲಿಫ್ಟ್ ಇದೆಯಂತೆ. ಅಲ್ಲೂ ಒನ್ ಬಿಎಚ್‌ಕೆ. ಕಾಲಿಗೆ ಬಿದ್ದು ಹೋದಳು. ಚೆನ್ನಾಗಿರು ಅಂದೆ.

ಹೇಮಾ ಅತ್ತಳು. ನನ್ನ ಮುಂದಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು.

ಮೂರು ತಿಂಗಳ ಪರಿಚಯಕ್ಕೆ ಇಷ್ಟು ಅಳು. ನಾನು ಸತ್ತಾಗ ಎಷ್ಟು ಅಳುತ್ತಾಳೆ, ನೋಡಬೇಕು.

ಮೇ 7, ಬುಧವಾರ

ಹೇಳಿದ ಮೇಲೆ ಕಾಯಿ ತುಂಬಿಸಲೇಬೇಕು. ಸುಷ್ಮಿತಾ ಹೇಮಾಳಿಗೆ ಹೇಳಿಯೇ ಇರುತ್ತಾಳೆ, ಇಲ್ಲದಿದ್ದರೆ ಅವಳು ಕೇಳುತ್ತಾಳೆ. ಇಂದುಧರ ಊರಲ್ಲಿಲ್ಲದ ದಿನ ನೋಡಿ ತೋಟ ನೋಡಿಕೊಳ್ಳುವ ಕೆಂಚಪ್ಪನಿಗೆ ಫೋನ್ ಮಾಡಿದೆ. ಬಾಣಾವರದ ತೋಟದಿಂದ ಗೋಡೌನಿಗೆ ಹೋಗಬೇಕಿದ್ದ ಲೋಡು ನಮ್ಮ ಬಾಗಿಲಿಗೆ ಬಂತು. “ಮೇಕ್ಕಾ ಅಮ್ಮಾ?” ಅಂತ ಕೇಳಿದ. ಮೇಲಕ್ಕೇ ಕಣಪ್ಪ, ಅಂದೆ. ತಲೆ ಕೆರೆದುಕೊಂಡು ಹೊತ್ತ.

ಬೆಡ್‌ರೂಮು ತುಂಬ ಕಾಯಿ. ಹಾಲಿನಲ್ಲೂ ಕಾಯಿ. ಹೇಮಾ ಮೇಲೆ ಹೋಗಿ ಬಾಗಿಲಲ್ಲಿ ನಿಂತು ನೋಡಿ ಬಂದಳು. ನಾನು ಹೆಸರುಕಾಳು ಆರಿಸುತ್ತಿದ್ದೆ. ಎದುರಿಗೆ ಬಂದು ಕೂತಳು. ಬಹಳ ಮೆಲ್ಲಗೆ ಕೇಳಿದಳು.

“ಅತ್ತೆ, ಟೈಲ್ಸ್ ಮೇಲೆ ಹರಡಿದ್ರೆ ಕಾಯಿ ಕೊಬ್ಬರಿ ಆಗುತ್ತಾ?”

ನಾನು ಕಾಳು ನೋಡುತ್ತಿದ್ದೆ. ಅವಳು ಎದ್ದು ಹೋದಳು.

ಆಗುವುದಿಲ್ಲ. ಅಟ್ಟಕ್ಕೆ ಕೆಳಗಿನಿಂದ ಗಾಳಿ ಬೇಕು, ಅದಕ್ಕೇ ಬಿದಿರು ತಡಿಕೆ. ತಣ್ಣಗಿನ ನೆಲದ ಮೇಲೆ ಬಿದ್ದ ಕಾಯಿ ಕೊಳೆಯುತ್ತದೆ, ಇಲ್ಲವೇ ಮೊಳೆಯುತ್ತದೆ. ನನಗೆ ಗೊತ್ತು. ಕಣಕಟ್ಟೆಯಲ್ಲಿ ಅಟ್ಟದ ಕೆಳಗೇ ಹುಟ್ಟಿ ಬೆಳೆದವಳಿಗೆ ಗೊತ್ತಿರುವುದಿಲ್ಲವೇ? ಇರುವ ಸುಳ್ಳುಗಳನ್ನೆಲ್ಲ ಬಿಟ್ಟು ಅವಳ ಕಿವಿಗೆ ಬೀಳುವ ಹಾಗೆ ಕಾಯಿಯ ಸುಳ್ಳು ಹೇಳಿದೆ. ನನ್ನ ಬುದ್ಧಿಗೆ ಬೆಂಕಿ ಬೀಳ.

ರಾತ್ರಿ ಇಂದುಧರ ಕೂಗಾಡಿದ. ಕೂಗಾಡಲಿ. ಮನೆ ನನ್ನ ಹೆಸರಿನಲ್ಲಿದೆ.

ಮೇ 19, ಸೋಮವಾರ

ಸಂಜೆ ನನ್ನ ಕಾಫಿ ಲೋಟದ ಮೇಲೆ ತಟ್ಟೆ ಮುಚ್ಚಿ, ಅಡುಗೆಮನೆ ಕಟ್ಟೆಯ ಮೇಲಿಟ್ಟು ಹೇಮಾ ಹೊರಗೆ ಹೋಗುತ್ತಾಳೆ. ದಿನಾ. ವಾಕಿಂಗ್ ಅಂತೆ. ಬಸ್ ಸ್ಟ್ಯಾಂಡ್ ಕಡೆ ವಾಕಿಂಗ್.

ಮಾತು ಬಿಟ್ಟಿಲ್ಲ. ಊಟ, ಮಾತ್ರೆ, ಬಿಸಿನೀರು, ಯಾವುದಕ್ಕೂ ಕಮ್ಮಿ ಮಾಡಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೇಲಿದ್ದಾಗ ನಗುವಾದರೂ ಕೇಳುತ್ತಿತ್ತು.

ಜೂನ್ 20, ಶುಕ್ರವಾರ

ಜಿಟಿಜಿಟಿ ಮಳೆ. ಮೇಲಿನಿಂದ ವಾಸನೆ. ಹೇಮಾ ಊದುಬತ್ತಿ ಒಂದು ಹೆಚ್ಚಿಗೆ ಹಚ್ಚುತ್ತಾಳೆ.

ಜುಲೈ 12, ಶನಿವಾರ

ಹೋಗಬಾರದಿತ್ತು. ಹೋದೆ. ಹೇಮಾ ಹೊರಟ ಸ್ವಲ್ಪ ಹೊತ್ತಿಗೆ ಆಟೋ ಹಿಡಿದು ಆ ಅಪಾರ್ಟ್‌ಮೆಂಟಿನ ಎದುರು ಇಳಿದೆ. ಬೇಕರಿ ಪಕ್ಕ ನಿಂತು ಮೇಲೆ ನೋಡಿದೆ. ಮೂರನೇ ಅಂತಸ್ತಿನ ಬಾಲ್ಕನಿಯಲ್ಲಿ ನಮ್ಮ ಹೇಮಾ. ಕುರ್ಚಿಯಲ್ಲಿ ಕೂತಿದ್ದಳು, ಕಾಲು ಕಂಬಿಯ ಮೇಲೆ. ಕಾಲು ಮೇಲೆ ಹಾಕಿ ಕೂತದ್ದನ್ನು ನಾನು ಯಾವತ್ತೂ ನೋಡಿಲ್ಲ. ಒಳಗೆ ಆ ಹುಡುಗಿ ಬೋಂಡ ಕರಿಯುತ್ತಿರಬೇಕು, ಇವಳು ರಾಣಿ ಹಾಗೆ ಕೂತಿದ್ದಾಳೆ ಅಂದುಕೊಂಡೆ.

ಅಷ್ಟರಲ್ಲಿ ಬೆನ್ನ ಹಿಂದೆ “ಅಜ್ಜಿ!” ಸುಷ್ಮಿತಾ. ಯೂನಿಫಾರ್ಮು, ಹೆಗಲಿಗೆ ಬ್ಯಾಗು. ಈಗ ರೈಲಿಳಿದು ಬರುತ್ತಿದ್ದಾಳೆ.

ನೀನಿಲ್ಲಿದ್ದೀಯಲ್ಲಾ, ಮೇಲೆ ಹೇಮಾ… ಅಂದೆ.

“ಹೇಮಕ್ಕನ ಹತ್ರ ಒಂದು ಕೀ ಇದೆ ಅಜ್ಜಿ. ನಾನಿಲ್ದಿದ್ರೂ ಬಂದು ಕೂತ್ಕೋತಾರೆ. ಅರ್ಧ ದಿನ ನಾನು ಇರೋದೇ ಇಲ್ವಲ್ಲ.” ಮೇಲೆ ಬನ್ನಿ, ಲಿಫ್ಟ್ ಇದೆ, ಕಾಫಿ ಕುಡಿದು ಹೋಗಿ, ಅಂದಳು. ಬೇಡಮ್ಮ ಅಂದೆ. ಬಾಯಿಗೆ ಬಂದದ್ದೇ ಅದು. ಸರಿ ಅಜ್ಜಿ ಹುಷಾರು, ಅಂತ ಒಂದು ಆಟೋಗೆ ಹತ್ತಿಸಿ ಕಳಿಸಿದಳು.

ಮನೆಗೆ ಬಂದು ಕೂತೆ. ಈಗ ಯಾರ ಮೇಲೆ ಉರಿದುಕೊಳ್ಳಲಿ? ನನ್ನ ಸೊಸೆ ನನ್ನನ್ನು ಬಿಟ್ಟು ಹೋಗುವುದು ಒಂದು ಖಾಲಿ ಮನೆಗೆ. ಖಾಲಿ ಮನೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಆಗಸ್ಟ್ 11, ಸೋಮವಾರ

ಒಂದು ತಿಂಗಳು ಏನೂ ಬರೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಬಿಸಿನೀರು, ಮಾತ್ರೆ, ತಟ್ಟೆ ಮುಚ್ಚಿದ ಕಾಫಿ.

ಶ್ರಾವಣ ಸೋಮವಾರ. ಪೂಜೆ ಆದಮೇಲೆ ಹೇಮಾ ಬಂದು ಹತ್ತಿರ ಕೂತಳು. ಸುಷ್ಮಿತಾಳಿಗೆ ಮೈಸೂರಿಗೆ ಟ್ರಾನ್ಸ್‌ಫರ್ ಆಯಿತಂತೆ. ಬರುವ ವಾರ ಹೋಗುತ್ತಾಳಂತೆ. ನಾನು ತಿಂಗಳುಗಟ್ಟಲೆ ಕಾದ ಸುದ್ದಿ. ಒಂದು ಚೂರೂ ಸಂತೋಷವಾಗಲಿಲ್ಲ. ಹೇಮಾಳ ಮುಖ ನೋಡಿ ಭಯವಾಯಿತು.

“ಅತ್ತೆ, ಮೇಲಿನ ಮನೇನ ಇನ್ಯಾರಿಗೂ ಕೊಡಬೇಡಿ. ಕಾಯಿ ತೆಗೆಸಿ ನಂಗೆ ಕೊಡಿ. ಸಂಜೆ ಒಂದ್ ಗಂಟೆ ಸಾಕು.”

ಒಬ್ಬಳೇನಾ, ಅಂತ ಕೇಳಿದೆ.

“ಒಬ್ಬಳೇ. ಈ ಮನೇಲಿ ನಾನು ಒಬ್ಬಳೇ ಕೂತಿದ್ದು ಯಾವತ್ತಾದ್ರೂ ನೋಡಿದೀರಾ? ನಾನೇನು ನಿಮ್ಮನ್ನ ಬಿಟ್ಟು ಹೋಗಿರಲಿಲ್ಲ ಅತ್ತೆ. ಮೆಟ್ಟಿಲು ಹತ್ತಿ ಮೇಲೆ ಹೋಗಿದ್ದೆ. ಅದಕ್ಕೆ ಆ ಹುಡುಗೀನೇ ಓಡಿಸಿಬಿಟ್ರಿ.”

ನಾನು ತಿರುಗಿ ಏನಾದರೂ ಹೇಳಬೇಕಿತ್ತು. ಮನೆ ನನ್ನದು ಅನ್ನಬಹುದಿತ್ತು. ಹೇಳಿದ್ದು ಬೇರೆ.

“ನನ್ನೂ ಕರೆದೆಯಲ್ಲ ಒಂದ್ಸಲ. ಇನ್ನೊಂದ್ಸಲ ಕರೀಬಾರದಾಗಿತ್ತೇನೇ?”

ಹೇಮಾ ನನ್ನನ್ನೇ ನೋಡಿದಳು. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. “ನೀವು ಬೇಡ ಅಂದ್ರಿ ಅತ್ತೆ. ಮಂಡಿ ನೋವು ಅಂದ್ರಿ. ನಿಜಾನೇ ಅಂದ್ಕೊಂಡೆ.”

ಅಡುಗೆಮನೆಗೆ ಹೋದಳು. ಕುಕ್ಕರ್ ಕೂಗುತ್ತಿತ್ತು.

ಆಗಸ್ಟ್ 13, ಬುಧವಾರ, ಸಂಜೆ

ಮೇಲಿನ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಡೈರಿ ಸೆರಗಿನಲ್ಲಿ ಕಟ್ಟಿಕೊಂಡು, ಗೋಡೆ ಹಿಡಿದು, ಕೂತು ಎದ್ದು ಹತ್ತಿದೆ. ಮಂಡಿ ಸತ್ತೇ ಹೋಗಿದೆ. ಹತ್ತಬಹುದಿತ್ತು ಅನ್ನುವುದು ಮಾತ್ರ ಗೊತ್ತಾಯಿತು.

ಬೆಳಗಿನಿಂದ ಕೆಂಚಪ್ಪ ಕಾಯಿ ಇಳಿಸಿದ. ಕೊಳೆತದ್ದು ತಿಪ್ಪೆಗೆ. ಮೊಳೆತದ್ದು ಬಾಣಾವರಕ್ಕೆ, ಸಸಿಗಾಗುತ್ತದೆ ಅಂತ. ನಾನು ಫಿನೈಲು ಹಾಕಿಸಿ ನೆಲ ಎರಡು ಸಲ ಒರೆಸಿಸಿದೆ. ಕಿಟಕಿಯ ಹತ್ತಿರ ನನ್ನ ಕುರ್ಚಿ ತರಿಸಿ ಇಟ್ಟೆ. ಹೇಮಾಳಿಗೆ. ಒಂದೇ ಕುರ್ಚಿ. ಮಾತು ಅಂದರೆ ಮಾತು.

ಅವಳು ಬರುವ ಮೊದಲು ಇಳಿದುಬಿಡೋಣ ಅಂತಿದ್ದೆ. ಒಂದು ನಿಮಿಷ ಕೂತು ನೋಡೋಣ ಅನ್ನಿಸಿತು. ಕೂತೆ.

ಎಂಥ ಗಾಳಿ ಇಲ್ಲಿ. ಸ್ಟೇಷನ್ನಿನ ಕಡೆಯ ತೆಂಗಿನ ತೋಟ ಪೂರ್ತಿ ಕಾಣುತ್ತದೆ. ಕೆಳಗೆ ನಮ್ಮ ಜಗಲಿ ಎಷ್ಟು ಚಿಕ್ಕದು. ಯಾರೂ ಏನೂ ಕೇಳುವುದಿಲ್ಲ. ಮದುವೆಯಾಗಿ ಬಂದಾಗ ಹೀಗೊಂದು ಕೋಣೆ ನನಗೂ ಇದ್ದಿದ್ದರೆ… ಆಗ ಇಲ್ಲಿ ಕಾಯಿ ಇತ್ತು. ಕಾಯಿಗೆ ಇದ್ದ ಜಾಗ ನನಗೆ ಇರಲಿಲ್ಲ. ಅದನ್ನು ಇವತ್ತಿನವರೆಗೆ ಯೋಚಿಸಿಯೂ ಇರಲಿಲ್ಲ.

ಏಳಬೇಕು. ಮಂಡಿ ಏಳುತ್ತಿಲ್ಲ. ಅವಳ ಹೊತ್ತಾಯಿತು. ಬಂದು ಇಲ್ಲೂ ನನ್ನನ್ನೇ ನೋಡಿದರೆ ಏನಂದುಕೊಳ್ಳುತ್ತಾಳೋ.

ಗೇಟಿನ ಸದ್ದಲ್ಲ. ಅಡುಗೆಮನೆ ಬಾಗಿಲು. ಮೆಟ್ಟಿಲ ಮೇಲೆ ಹೆಜ್ಜೆ. ಹೇಮಾಳದೇ.

ಜೊತೆಗೆ ಇನ್ನೊಂದು ಸದ್ದು. ಲೋಟಕ್ಕೆ ಲೋಟ ತಾಗುವುದು.

ಒಂದೇ ಸಲ ಕೇಳಲಿ ಸಾಕು. ಈ ಸಲ ನಾನು ಬೇಡ ಅಂತ—